ಪುಸ್ತಕ ಬಿಚ್ಚಿ ಕೂರಲು ಹಾಸನ ಸೀಮೆಯಲ್ಲಿ ಎಲ್ಲಿದೆ ಜಾಗ?

ಓದಲು ಕೂರುವ ಜಾಗಕ್ಕೆ ಮೂರು ಗುಣ ಬೇಕು. ಪಕ್ಕದವರ ಮಾತು ಕಿವಿಗೆ ಬೀಳಬಾರದು, ಅಕ್ಷರ ಕಾಣುವಷ್ಟು ಬೆಳಕಿರಬೇಕು, ಎರಡು ಗಂಟೆ ಕೂತರೂ ‘ಯಾರ್ ಬೇಕಿತ್ತು?’ ಎಂದು ಯಾರೂ ವಿಚಾರಿಸಬಾರದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಮೊದಲ ಎರಡಕ್ಕೆ ಅಂಥ ಬರವೇನಿಲ್ಲ. ಪೇಟೆ ದಾಟಿ ಎರಡು ಮೈಲಿ ಹೋದರೆ ಕೆರೆ ಏರಿಯೋ ತೆಂಗಿನ ತೋಟವೋ ಹಳೆಯ ಗುಡಿಯೋ ಸಿಕ್ಕೇ ಸಿಗುತ್ತದೆ. ಕಷ್ಟವಿರುವುದು ಮೂರನೆಯದರಲ್ಲಿ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಒಬ್ಬರೇ ಸುಮ್ಮನೆ ಕೂತಿದ್ದರೆ ನೋಡಿದವರಿಗೆ ಅನುಮಾನ ಬರುತ್ತದೆ, ಇಲ್ಲವೇ ಕನಿಕರ ಹುಟ್ಟುತ್ತದೆ. ಕೈಯಲ್ಲಿ ಪುಸ್ತಕವಿದ್ದರೆ ‘ಯಾವ್ ಎಗ್ಸಾಮು?’ ಎಂಬ ಪ್ರಶ್ನೆ ಖಚಿತ. ಪರೀಕ್ಷೆಯ ಹಂಗಿಲ್ಲದೆ ಓದುವವರಿಗೆ ಈ ಪ್ರಶ್ನೆಯಷ್ಟು ಮುಜುಗರದ್ದು ಬೇರೊಂದಿಲ್ಲ.

ಸದ್ದಿನ ವಿಚಾರದಲ್ಲಿ ಕಾನೂನೇ ಒಂದು ಅಳತೆ ಕೊಟ್ಟಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹಗಲು ಹೊತ್ತು ವಾಣಿಜ್ಯ ಪ್ರದೇಶದಲ್ಲಿ 65, ವಸತಿ ಪ್ರದೇಶದಲ್ಲಿ 55, ನಿಶ್ಶಬ್ದ ವಲಯದಲ್ಲಿ 50 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇವು ಕ್ರಮವಾಗಿ 55, 45, 40ಕ್ಕೆ ಇಳಿಯುತ್ತವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ. ಎದುರುಬದುರು ಕೂತು ಮಾಮೂಲಿ ದನಿಯಲ್ಲಿ ಆಡುವ ಮಾತೇ ಸುಮಾರು 60 ಡೆಸಿಬೆಲ್ ಆಗುತ್ತದೆ ಎಂಬುದನ್ನು ನೆನೆದರೆ 50ರ ಮಿತಿ ಎಷ್ಟು ಬಿಗಿ ಎಂದು ಗೊತ್ತಾಗುತ್ತದೆ. ಆಸ್ಪತ್ರೆ ರಸ್ತೆಯ ಹಾರ್ನ್‌ಗಳಿಗೆ ಈ ಲೆಕ್ಕ ತಿಳಿದಂತಿಲ್ಲ.

ಓದು ಕೆಡುವುದು ಬರೀ ಸದ್ದಿನ ಪ್ರಮಾಣದಿಂದಲ್ಲ. ಒಂದೇ ಸಮನೆ ಬರುವ ಸದ್ದಿಗೆ, ಅದು ಸ್ವಲ್ಪ ಜೋರಾಗಿದ್ದರೂ, ಮನಸ್ಸು ಬೇಗ ಹೊಂದಿಕೊಳ್ಳುತ್ತದೆ: ಫ್ಯಾನು, ಮಳೆ, ಕಟ್ಟೆಯಿಂದ ಬೀಳುವ ನೀರು, ಓಡುವ ರೈಲು. ಅರ್ಥವಾಗುವ ಮಾತು ಹಾಗಲ್ಲ. ಪಿಸುದನಿಯಲ್ಲಿದ್ದರೂ ಕಿವಿ ಅದರ ಹಿಂದೆ ಹೋಗುತ್ತದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತದೆ. ಫೋನಿನಲ್ಲಿ ಮಾತಾಡುವವರು ಪಕ್ಕದಲ್ಲಿದ್ದರೆ ಇನ್ನೂ ಕಷ್ಟ. ಅರ್ಧ ಮಾತು ಮಾತ್ರ ಕೇಳಿಸುವುದರಿಂದ ಉಳಿದರ್ಧವನ್ನು ಮನಸ್ಸು ತಾನೇ ತುಂಬಿಸಲು ಹೊರಡುತ್ತದೆ. ಹೀಗಾಗಿ ಜಾಗ ಹುಡುಕುವಾಗ ‘ಇಲ್ಲಿ ಸದ್ದಿದೆಯೇ’ ಎನ್ನುವುದಕ್ಕಿಂತ ‘ಇಲ್ಲಿ ಮಾತು ಕೇಳುತ್ತದೆಯೇ’ ಎಂದು ನೋಡುವುದು ಮೇಲು. ದೂರದ ಲೆಕ್ಕವೂ ಇದೆ. ವಾಹನಗಳು ಸಾಲಾಗಿ ಓಡುವ ರಸ್ತೆಯಿಂದ ದೂರ ಎರಡು ಪಟ್ಟಾದರೆ ಸದ್ದು ಇಳಿಯುವುದು ಸುಮಾರು 3 ಡೆಸಿಬೆಲ್ ಮಾತ್ರ. ನಡುವೆ ಒಂದು ಸಾಲು ಮರ ಇದ್ದ ಮಾತ್ರಕ್ಕೆ ಸದ್ದು ತಡೆಯುವುದಿಲ್ಲ, ಕಣ್ಣಿಗೆ ತಂಪು ಅಷ್ಟೆ. ಗಟ್ಟಿ ಗೋಡೆಯೊಂದರ ಹಿಂದೆ ಸರಿದು ಕೂತರೆ ಮಾತ್ರ ತಕ್ಷಣ ವ್ಯತ್ಯಾಸ ತಿಳಿಯುತ್ತದೆ.

ಕೇಳುವವರಿಲ್ಲದೆ ಕೂರುವ ಹಕ್ಕು ಕಾನೂನಿನಿಂದಲೇ ಸಿಕ್ಕಿರುವ ಜಾಗವೆಂದರೆ ಸಾರ್ವಜನಿಕ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಜಿಲ್ಲಾ ಕೇಂದ್ರ ಗ್ರಂಥಾಲಯ, ಅದರ ಶಾಖೆಗಳ ಜಾಲ ಬೆಳೆಯಿತು. ಇದರ ಖರ್ಚಿಗೆ ನಗರ, ಪಟ್ಟಣಗಳ ಆಸ್ತಿ ತೆರಿಗೆಯ ಜೊತೆಯಲ್ಲೇ ಶೇ 6ರ ಗ್ರಂಥಾಲಯ ಕರ ಸೇರಿರುತ್ತದೆ. ಕಂದಾಯ ಕಟ್ಟುವ ಮನೆಯವರೆಲ್ಲ ಗ್ರಂಥಾಲಯದ ಕುರ್ಚಿಗೂ ದುಡ್ಡು ಕೊಟ್ಟವರೇ, ಆದರೆ ಅಲ್ಲಿ ಹೋಗಿ ಕೂತವರು ಎಷ್ಟು ಜನ? ಪುಸ್ತಕ ಮನೆಗೆ ಒಯ್ಯಲು ಸಣ್ಣ ಠೇವಣಿ ಕಟ್ಟಿ ಸದಸ್ಯರಾಗಬೇಕು. ಅಲ್ಲೇ ಕೂತು ಓದಲು ಏನೂ ಬೇಡ. ಸೋಮವಾರ ವಾರದ ರಜೆ. ಭಾನುವಾರ ತೆರೆದಿರುತ್ತದೆ ಎಂಬುದು ಕಚೇರಿಗೆ ಹೋಗುವವರಲ್ಲಿ ಹಲವರಿಗೆ ಗೊತ್ತೇ ಇಲ್ಲ.

ಗ್ರಂಥಾಲಯಕ್ಕೂ ಅದರದೇ ದಿನಚರಿ ಇದೆ. ಬಾಗಿಲು ತೆರೆದ ಮೊದಲ ಗಂಟೆ ಪತ್ರಿಕೆ ಓದುವ ಹಿರಿಯರದು. ಒಂದೇ ಪೇಪರು ನಾಲ್ಕು ಪಾಲಾಗಿ ಮೇಜಿನ ಸುತ್ತ ಹರಿದಾಡುತ್ತದೆ: ಜಿಲ್ಲಾ ಪುಟ ಒಬ್ಬರ ಕೈಯಲ್ಲಿ, ಕ್ರೀಡೆ ಇನ್ನೊಬ್ಬರಲ್ಲಿ, ಮುಖಪುಟಕ್ಕೆ ಕಾಯುವವರು ಅದರ ಹಿಂಬದಿಯನ್ನು ಎದುರಿನಿಂದಲೇ ಓದುತ್ತಿರುತ್ತಾರೆ. ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗ ಹುಡುಗಿಯರ ಸರದಿ. ಇವರು ಗ್ರಂಥಾಲಯದ ಪುಸ್ತಕ ಮುಟ್ಟುವುದು ಕಡಿಮೆ. ತಮ್ಮದೇ ಗೈಡು, ನೀರಿನ ಬಾಟಲಿ, ಚಾರ್ಜರ್ ತಂದು ಗೋಡೆಯ ಸ್ವಿಚ್ಚಿನ ಪಕ್ಕದ ಜಾಗವನ್ನು ಬೆಳಗ್ಗೆಯೇ ಹಿಡಿದುಬಿಡುತ್ತಾರೆ. ಪಿಡಿಒ, ಎಫ್‌ಡಿಎ, ಪೊಲೀಸ್ ನೇಮಕಾತಿಯ ಅಧಿಸೂಚನೆ ಹೊರಟ ತಿಂಗಳಲ್ಲಿ ಕಾದಂಬರಿ ಓದಲು ಬಂದವರಿಗೆ ಕುರ್ಚಿ ಸಿಗುವುದು ಅನುಮಾನ. ಇದನ್ನು ದೂರುವಂತಿಲ್ಲ. ಹಳ್ಳಿಯಿಂದ ಬಂದು ಇಕ್ಕಟ್ಟಾದ ಬಾಡಿಗೆ ಕೋಣೆಯಲ್ಲಿರುವವರಿಗೆ ಊರಿನಲ್ಲಿ ಬೇರೆ ಮೇಜಿಲ್ಲ. ನಗರಗಳಲ್ಲಿ ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ಖಾಸಗಿ ರೀಡಿಂಗ್ ರೂಮುಗಳು ಹುಟ್ಟಿಕೊಂಡದ್ದೂ ಈ ಇಕ್ಕಟ್ಟಿನಿಂದಲೇ. ಬಿಡುವಿನ ಓದಿಗೆ ಬರುವವರಿಗೆ ಹೊಂದುವ ವೇಳೆ ಮಧ್ಯಾಹ್ನದ ಊಟದ ಹೊತ್ತು. ಸಣ್ಣ ಶಾಖೆಗಳಲ್ಲಿ ಆ ಹೊತ್ತಿಗೆ ಬಾಗಿಲು ಹಾಕುವುದೂ ಉಂಟು, ಸಮಯ ಕೇಳಿಕೊಂಡು ಹೋಗಬೇಕು. ಹಳ್ಳಿಗಳ ಕಡೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರಿನಲ್ಲಿ ಹಲವು ಕಡೆ ಸುಣ್ಣಬಣ್ಣ ಕಂಡಿವೆ. ತಾಲ್ಲೂಕು ಕೇಂದ್ರದ ಶಾಖೆಗಿಂತ ಪಕ್ಕದ ಪಂಚಾಯಿತಿಯ ಅರಿವು ಕೇಂದ್ರದಲ್ಲೇ ಹೆಚ್ಚು ನೆಮ್ಮದಿ ಸಿಗುವುದುಂಟು.

ಹಾಸನ ನಗರದ ನಡುವೆ ಬಯಲಿನಲ್ಲಿ ಕೂರಬೇಕೆಂದರೆ ಮಹಾರಾಜ ಪಾರ್ಕ್. ಬೆಳಗ್ಗೆ ವಾಕಿಂಗ್‌ನವರು, ಸಂಜೆ ಮಕ್ಕಳು, ಚುರುಮುರಿ ಗಾಡಿಗಳು. ಇವೆರಡರ ನಡುವೆ ಹನ್ನೊಂದರಿಂದ ಮೂರರವರೆಗೆ ಮರದ ಕೆಳಗಿನ ಬೆಂಚುಗಳು ಖಾಲಿ ಇರುತ್ತವೆ. ರಸ್ತೆಗೆ ಬೆನ್ನು ಮಾಡಿದ ಬೆಂಚಿಗಿಂತ ಪಾರ್ಕಿನ ಒಳಭಾಗದ ಬೆಂಚು ಒಳ್ಳೆಯದು. ಬಿಸಿಲು ನೇರವಾಗಿ ಹಾಳೆಯ ಮೇಲೆ ಬಿದ್ದರೆ ಕಣ್ಣು ಕೋರೈಸಿ ಅರ್ಧ ಗಂಟೆಯಲ್ಲಿ ತಲೆನೋವು ಶುರು, ಅದಕ್ಕಾಗಿ ನೆರಳೇ ಬೇಕು. ನೆರಳಿನ ಬೆಳಕು ಓದಲು ಧಾರಾಳ ಸಾಕು. ಕೋಣೆಯೊಳಗೆ ಓದಲು ಸುಮಾರು 300 ಲಕ್ಸ್ ಬೆಳಕು ಸಾಕೆನ್ನುತ್ತಾರೆ, ಹಗಲು ಮರದ ನೆರಳಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬೆಳಕಿರುತ್ತದೆ.

ನಗರದ ಹೊರಗೆ ಈ ಜಿಲ್ಲೆಗೆ ಇನ್ನೊಂದು ಅನುಕೂಲವಿದೆ. ಎಂಟುನೂರು ವರ್ಷಗಳ ಹಿಂದೆಯೇ ಇಲ್ಲಿ ಒರಗಿ ಕೂರುವ ಕಲ್ಲಿನ ಆಸನಗಳನ್ನು ಮಾಡಿಟ್ಟಿದ್ದಾರೆ. ಹೊಯ್ಸಳ ದೇವಾಲಯಗಳ ತೆರೆದ ಮುಖಮಂಟಪದ ಅಂಚಿನಲ್ಲಿ ಉದ್ದಕ್ಕೂ ಕಲ್ಲಿನ ಜಗಲಿ, ಅದಕ್ಕೆ ಹೊರಮುಖವಾಗಿ ತುಸು ಓರೆಯಾದ ಒರಗು ಇರುತ್ತದೆ. ಶಿಲ್ಪಶಾಸ್ತ್ರದಲ್ಲಿ ಇದಕ್ಕೆ ಕಕ್ಷಾಸನ ಎನ್ನುತ್ತಾರೆ. ಚಾವಣಿಯ ಸೂರು ಹೊರಕ್ಕೆ ಚಾಚಿರುವುದರಿಂದ ಬಿಸಿಲು ಮಡಿಲಿಗೆ ಬೀಳುವುದಿಲ್ಲ. ಬೆಳಕು ಪಕ್ಕದಿಂದ ಬರುತ್ತದೆ, ಕಲ್ಲು ಮಧ್ಯಾಹ್ನವೂ ತಣ್ಣಗಿರುತ್ತದೆ. ಓದುವ ಕುರ್ಚಿಗೆ ಬೇಕಾದ್ದೆಲ್ಲ ಇದರಲ್ಲಿದೆ, ಮೆತ್ತೆಯೊಂದು ಬಿಟ್ಟು. ಅದನ್ನು ಮನೆಯಿಂದ ತರಬೇಕು.

ಬೇಲೂರು, ಹಳೇಬೀಡುಗಳಲ್ಲಿ ಈ ಸುಖ ಸಿಗದು. 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದ ಜೊತೆ ಅವೆರಡೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಬಸ್ಸುಗಟ್ಟಲೆ ಜನ, ಗೈಡುಗಳ ಏರುದನಿ. ಆದರೆ ಹಾಸನದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೋರವಂಗಲದ ಬೂಚೇಶ್ವರ ದೇವಾಲಯವಿದೆ. 1173ರದು, ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದ ಕಾಲದ್ದು. ಅದರ ದೊಡ್ಡ ತೆರೆದ ಮಂಟಪದಲ್ಲಿ ವಾರದ ದಿನ ಮಧ್ಯಾಹ್ನ ಪಾರಿವಾಳ ಬಿಟ್ಟರೆ ಬೇರೆ ಗದ್ದಲ ಕಡಿಮೆ. ಹೊಳೆನರಸೀಪುರ ರಸ್ತೆಯ ಕಡೆಗೆ ಮೊಸಳೆಯ ಜೋಡಿ ಗುಡಿಗಳು, ನಾಗೇಶ್ವರ ಮತ್ತು ಚೆನ್ನಕೇಶವ, ಒಂದಕ್ಕೊಂದು ಪ್ರತಿಬಿಂಬದ ಹಾಗೆ ನಿಂತಿವೆ. ಬೇಲೂರು ದಾರಿಯಿಂದ ಒಳಗಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಕೆರೆಯೇ ಅಂಗಳ. 12ನೇ ಶತಮಾನದ ಆರಂಭದಲ್ಲಿ ಕುಲ್ಲಹಣ ರಾಹುತನೆಂಬ ವ್ಯಾಪಾರಿ ಮತ್ತು ಆತನ ಹೆಂಡತಿ ಸಹಜಾದೇವಿ ಇದನ್ನು ಕಟ್ಟಿಸಿದರು. ಹೊಯ್ಸಳರ ಅತ್ಯಂತ ಹಳೆಯ ಗುಡಿಗಳಲ್ಲಿ ಒಂದು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಇಂಥ ತಾಣಗಳಲ್ಲಿ ಹಗಲು ಹೊತ್ತು ಕೂತು ಓದುವುದಕ್ಕೆ ಅಡ್ಡಿಯಿಲ್ಲ. ಕಾವಲುಗಾರರಿಗೆ ಒಂದು ಮಾತು ಹೇಳಿ ಕೂತರೆ ಆಗಾಗ ಬಂದು ನೋಡುವ ಶ್ರಮವೂ ಅವರಿಗೆ ತಪ್ಪುತ್ತದೆ.

ಫೋಟೊಗಳಲ್ಲಿ ಪ್ರಶಾಂತವಾಗಿ ಕಾಣುವ ಎಲ್ಲ ಜಾಗವೂ ಓದಿಗೆ ಆಗಿಬರುವುದಿಲ್ಲ. ಶೆಟ್ಟಿಹಳ್ಳಿಯ ಇಗರ್ಜಿ ಇದಕ್ಕೆ ಉದಾಹರಣೆ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಈ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಎದ್ದು ನಿಲ್ಲುತ್ತದೆ. ಇಟ್ಟಿಗೆ ಗಾರೆ ಉದುರುವ ಗೋಡೆಯ ಕೆಳಗೆ ಕೂರುವುದು ಅಪಾಯ. ಮದುವೆಗೆ ಮುಂಚಿನ ಫೋಟೊ ಶೂಟ್‌ಗಳು, ಡ್ರೋನ್‌ಗಳ ಗುಂಯ್‌ಗುಡುವಿಕೆ ಬೇರೆ. ಗೊರೂರಿನ ಅಣೆಕಟ್ಟೆಯೂ ಕ್ರಸ್ಟ್ ಗೇಟ್ ತೆರೆದ ದಿನಗಳಲ್ಲಿ ಜಾತ್ರೆಯೇ. ಉಳಿದ ತಿಂಗಳುಗಳಲ್ಲಿ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಾದ ಆ ಹಳ್ಳಿಯ ಹೊಳೆದಂಡೆ, ಯೋಗಾನರಸಿಂಹನ ಗುಡಿಯ ಸುತ್ತಮುತ್ತ ಪುಸ್ತಕ ಹಿಡಿದವರಿಗೆ ಹಿತವಾಗಿರುತ್ತವೆ. ‘ಹಳ್ಳಿಯ ಚಿತ್ರಗಳು’ ಓದದವರು ಓದಲು ಇದಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ.

ಹೊಳೆನರಸೀಪುರದ ಹೆಸರಿನಲ್ಲೇ ಹೊಳೆ ಇದೆ. ಹೇಮಾವತಿಯ ಮೆಟ್ಟಿಲುಗಳಲ್ಲಿ ಬೆಳಗ್ಗೆ ಬಟ್ಟೆ ಒಗೆಯುವವರು, ಸ್ನಾನಕ್ಕೆ ಬರುವವರು. ಅವರು ಎದ್ದುಹೋದ ಮೇಲೆ ಹೊಳೆದಂಡೆ ಖಾಲಿಯಾಗುತ್ತದೆ. ಆದರೆ ಈ ಊರಿನ ಓದಿನ ಸಂಬಂಧ ಹೊಳೆಗಿಂತ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದೊಂದಿಗೆ ಗಾಢ. ಸನ್ಯಾಸಕ್ಕೆ ಮುಂಚೆ ವೈ. ಸುಬ್ಬರಾಯರಾಗಿದ್ದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880–1975) 1920ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಈ ಸಂಸ್ಥೆ 1937ರಲ್ಲಿ ಇಲ್ಲಿಗೆ ಬಂತು. ಶಂಕರರ ಭಾಷ್ಯಗಳನ್ನು ಸಂಸ್ಕೃತ ಬಾರದ ಸಾಮಾನ್ಯರೂ ಕನ್ನಡದಲ್ಲಿ ಓದುವಂತಾಗಬೇಕೆಂದು ಅವರು ಬರೆದ, ಅನುವಾದಿಸಿದ ಪುಸ್ತಕಗಳು ಇನ್ನೂರರ ಹತ್ತಿರ. ಒಂದು ತಾಲ್ಲೂಕು ಪಟ್ಟಣದಿಂದ ಇಷ್ಟೊಂದು ವೇದಾಂತ ಗ್ರಂಥಗಳು ಹೊರಟಿರುವುದು ಸಣ್ಣ ಮಾತಲ್ಲ. ಆಶ್ರಮಕ್ಕೆ ಅದರದೇ ಶಿಸ್ತಿದೆ, ಪಾಠ ಪ್ರವಚನದ ಹೊತ್ತು ನೋಡಿಕೊಂಡು, ಕಚೇರಿಯಲ್ಲಿ ಕೇಳಿಕೊಂಡು ಹೋಗುವುದು ಮರ್ಯಾದೆ.

ಈ ಊರಿನ ಇನ್ನೊಂದು ಓದುವ ಜಾಗ ರೈಲು ನಿಲ್ದಾಣ. ಅರಸೀಕೆರೆ–ಮೈಸೂರು ಮಾರ್ಗದ ಇಂಥ ನಿಲ್ದಾಣಗಳಲ್ಲಿ ಒಂದು ಗಾಡಿ ಹೋಗಿ ಇನ್ನೊಂದು ಬರುವವರೆಗೆ ಪ್ಲಾಟ್‌ಫಾರಂ ಬಹುತೇಕ ಖಾಲಿ. ನೆರಳು, ಬೆಂಚು, ಕುಡಿಯುವ ನೀರು ಇರುತ್ತವೆ. ಟಿಕೆಟ್ ಜೇಬಿನಲ್ಲಿದ್ದರೆ ಕಾಯುತ್ತಾ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ‘ಗಾಡಿಗೆ ಕಾಯ್ತಿದೀನಿ’ ಎಂಬ ಉತ್ತರ ಎಲ್ಲ ವಿಚಾರಣೆಯನ್ನೂ ಮುಗಿಸುತ್ತದೆ. ಗಾಡಿಯೊಳಗೂ ಅಷ್ಟೆ. ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿಗೆ ಹೋಗುವ ನೇರ ಮಾರ್ಗ 2017ರ ಮಾರ್ಚ್‌ನಲ್ಲಿ ಶುರುವಾದ ಮೇಲೆ ಹಾಸನ, ಚನ್ನರಾಯಪಟ್ಟಣದವರಿಗೆ ಬಸ್ಸಿನ ಕುಲುಕಾಟವಿಲ್ಲದೆ ಒಂದಿಡೀ ಪುಸ್ತಕ ಮುಗಿಸುವ ಅವಕಾಶ ಒದಗಿದೆ, ಜನರಲ್ ಬೋಗಿಯಲ್ಲಿ ಕಿಟಕಿ ಸೀಟು ಸಿಕ್ಕರೆ.

ಅರಕಲಗೂಡು ಪೇಟೆಯಲ್ಲಿ ಹುಡುಕುವುದಕ್ಕಿಂತ ಕಾವೇರಿಯ ಕಡೆ ಇಳಿಯುವುದು ಲೇಸು. ರಾಮನಾಥಪುರದಲ್ಲಿ ರಾಮೇಶ್ವರ ದೇವಾಲಯದ ಬಳಿಯ ವಹ್ನಿಪುಷ್ಕರಿಣಿಯಲ್ಲಿ ದೊಡ್ಡ ದೊಡ್ಡ ಮೀನುಗಳಿವೆ. ದೇವರ ಮೀನೆಂದು ಅವುಗಳನ್ನು ಯಾರೂ ಹಿಡಿಯುವುದಿಲ್ಲ. ಪುರಿ ಎಸೆದರೆ ಬೆನ್ನಿನ ಮೇಲೆ ಬೆನ್ನು ಹತ್ತಿಸಿ ನುಗ್ಗುತ್ತವೆ, ಮಕ್ಕಳ ಕೇಕೆ ದೂರಕ್ಕೆ ಕೇಳುತ್ತದೆ. ಆದ್ದರಿಂದ ಮೀನಿನ ಮೆಟ್ಟಿಲು ಬಿಟ್ಟು ಸ್ವಲ್ಪ ಆಚೆ ಕೂರಬೇಕು. ಕೊಣನೂರಿನ ಹತ್ತಿರ ಕಟ್ಟೇಪುರದಲ್ಲಿ ಕೃಷ್ಣರಾಜ ಅಣೆಕಟ್ಟೆಯ ಮೇಲಿಂದ ನೀರು ಬೀಳುವಾಗ ಆ ಮೊರೆತದಲ್ಲಿ ಹತ್ತು ಮಾರು ದೂರದವರ ಮಾತೂ ಮುಚ್ಚಿಹೋಗುತ್ತದೆ. ಇಲ್ಲಿ ಸದ್ದೇ ಓದಿನ ಕಾವಲು. ಆದರೆ ನೀರಿಗೆ ಇಳಿಯುವ ಆಸೆ ಬೇಡ, ಕಟ್ಟೆಯ ಕೆಳಗೆ ಸೆಳೆತ ಜೋರು.

ಇದೇ ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಈ ಊರಿನ ಹೆಸರನ್ನು ಕಚೇರಿಯಿಂದ ಕಚೇರಿಗೆ ಒಯ್ದರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಇಲ್ಲಿ ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತಾ ಧ್ಯಾನ ಮಂದಿರ ಎದ್ದಿದೆ. ಧ್ಯಾನಕ್ಕೆಂದೇ ಕಟ್ಟಿದ ಜಾಗವಾದ್ದರಿಂದ ಅಲ್ಲಿ ಪುಸ್ತಕ ಬಿಚ್ಚುವುದು ಸರಿಕಾಣದು. ಕಣ್ಣು ಮುಚ್ಚಿ ಕೂತು ಎದ್ದ ಮೇಲೆ ಓದಿಗೆ ಕಾವೇರಿಯ ದಂಡೆ ಇದ್ದೇ ಇದೆ.

ಚನ್ನರಾಯಪಟ್ಟಣ ನಾಲ್ಕರಲ್ಲೂ ಹೆಚ್ಚು ಗದ್ದಲದ ಪಟ್ಟಣ ಎನ್ನಬಹುದು. ಬೆಂಗಳೂರು–ಮಂಗಳೂರು ಹೆದ್ದಾರಿಯ ಓಡಾಟಕ್ಕೆ ಬಿಡುವೇ ಇಲ್ಲ. ಆದರೆ ಹನ್ನೆರಡು ಹದಿಮೂರು ಕಿಲೋಮೀಟರ್ ದೂರದ ಶ್ರವಣಬೆಳಗೊಳ ಇದೇ ತಾಲ್ಲೂಕಿಗೆ ಸೇರಿದ್ದು. ಅಲ್ಲಿ ಎರಡು ಬೆಟ್ಟ. 58 ಅಡಿಯ ಗೊಮ್ಮಟನಿರುವ ವಿಂಧ್ಯಗಿರಿಗೆ, ಆರುನೂರಕ್ಕೂ ಹೆಚ್ಚು ಮೆಟ್ಟಿಲಿದ್ದರೂ, ಜನ ಏರುತ್ತಲೇ ಇರುತ್ತಾರೆ. ಎದುರಿನ ಚಂದ್ರಗಿರಿಗೆ ಮೆಟ್ಟಿಲೂ ಕಡಿಮೆ, ಜನರೂ ಕಡಿಮೆ. ಒಂದೇ ಪ್ರಾಕಾರದೊಳಗೆ ಹತ್ತಾರು ಬಸದಿಗಳು, ಬಂಡೆಯ ಮೇಲೆಲ್ಲ ಶಾಸನಗಳು. ಬೆಳಗೊಳ ಮತ್ತು ಸುತ್ತಮುತ್ತ ಒಟ್ಟು ಐನೂರಕ್ಕೂ ಹೆಚ್ಚು ಶಾಸನಗಳಿವೆ. ಸಲ್ಲೇಖನ ವ್ರತ ಹಿಡಿದು ಇಲ್ಲಿ ದೇಹ ಬಿಟ್ಟವರ ಹೆಸರುಗಳು ಅವುಗಳಲ್ಲಿ ಸಾಲುಗಟ್ಟಿವೆ. ಬರಿಗಾಲಿನಲ್ಲಿ ಹತ್ತಬೇಕಾದ್ದರಿಂದ ಹತ್ತು ಗಂಟೆಗೆ ಮುಂಚೆ ಅಥವಾ ನಾಲ್ಕರ ಮೇಲೆ ಹೋಗುವುದು ಕಾಲಿಗೆ ಕ್ಷೇಮ. ಕೆಳಗೆ ಊರಿನಲ್ಲಿ ಪ್ರಾಕೃತ ಅಧ್ಯಯನ ಮತ್ತು ಸಂಶೋಧನಾ ಸಂಸ್ಥೆಯೂ ಇದೆ. 2015ರಲ್ಲಿ ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ 81ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಈ ಊರಿನಲ್ಲೇ. ಆಗ ಇಲ್ಲಿ ಪುಸ್ತಕ ಬೇಕಾದಷ್ಟಿತ್ತು, ಕೂತು ಓದಲು ಜಾಗವಿರಲಿಲ್ಲ. ತಾಲ್ಲೂಕಿನ ಇನ್ನೊಂದು ಮೂಲೆಯಲ್ಲಿ ನುಗ್ಗೇಹಳ್ಳಿ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿನದು. ಎಸ್.ಎಲ್. ಭೈರಪ್ಪನವರ ಹುಟ್ಟೂರು ಸಂತೇಶಿವರವೂ ಈ ತಾಲ್ಲೂಕಿನದೇ ಆದ್ದರಿಂದ ‘ಗೃಹಭಂಗ’ದ ಓದುಗರು ಈ ಕಡೆ ಸುತ್ತಾಡುವುದುಂಟು.

ಇಲ್ಲಿಯವರೆಗೆ ಹೇಳಿದ ಜಾಗಗಳಲ್ಲಿ ಹೆಚ್ಚಿನವು ಗಂಡಸರಿಗೆ ಸಲೀಸು. ಕೆರೆ ಏರಿಯ ಮೇಲೆ ಒಬ್ಬಳೇ ಹೆಣ್ಣುಮಗಳು ಪುಸ್ತಕ ಹಿಡಿದು ಕೂತರೆ ‘ಯಾವೂರಮ್ಮ? ಜೊತೆಗ್ಯಾರೂ ಬಂದಿಲ್ವಾ?’ ಎಂಬ ವಿಚಾರಣೆ ಹತ್ತು ನಿಮಿಷಕ್ಕೊಮ್ಮೆ. ಕಾಳಜಿಯಿಂದ ಕೇಳಿದರೂ ಓದು ಮುರಿಯುತ್ತದೆ, ಕಾಳಜಿಯಿಲ್ಲದೆ ಕೇಳುವವರ ಭಯ ಬೇರೆ. ಹೆಣ್ಣುಮಕ್ಕಳಿಗೆ ಪೂರಾ ಖಾಲಿಯಾದ ಜಾಗಕ್ಕಿಂತ ನಾಲ್ಕು ಜನ ಓಡಾಡುವ, ಆದರೆ ಮಾತಾಡಿಸದ ಜಾಗವೇ ವಾಸಿ: ಗ್ರಂಥಾಲಯ, ಪೂಜೆ ನಡೆಯುವ ಗುಡಿಯ ಪ್ರಾಕಾರ, ಕಾಲೇಜಿನ ವಾಚನಾಲಯ, ರೈಲಿನ ಮಹಿಳಾ ಬೋಗಿ. ಮನೆಯಲ್ಲೂ ಅವರ ಓದಿಗೆ ಸಿಗುವುದು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲಿನ ಒಂದು ಗಂಟೆ. ಹಾಸನದಲ್ಲೇ ನೆಲೆಸಿ ಬರೆದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಆ ಕಥೆಗಳನ್ನು ಓದಲು ಇದೇ ನಗರದ ಗೃಹಿಣಿಗೆ ಮನೆಯ ಹೊರಗೆ ನಿಶ್ಚಿಂತೆಯ ಕುರ್ಚಿಯೊಂದು ಸುಲಭವಾಗಿ ಸಿಗುವುದಿಲ್ಲ. ಗ್ರಂಥಾಲಯಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಮೇಜು, ಶುಚಿಯಾದ ಶೌಚಾಲಯ ಇದ್ದರೆ ಅರ್ಧ ಸಮಸ್ಯೆ ತೀರುತ್ತದೆ.

ಜಾಗ ಗೊತ್ತಿದ್ದರೆ ಸಾಲದು, ಪಂಚಾಂಗವೂ ಗೊತ್ತಿರಬೇಕು. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನದಿಂದ ಬಲಿಪಾಡ್ಯಮಿಯ ನಂತರ ಮುಚ್ಚುವವರೆಗೆ ಹಾಸನ ನಗರದಲ್ಲಿ ಓದಿನ ಮಾತೇ ಬೇಡ. ರಾಮನಾಥಪುರದಲ್ಲಿ ಮಾರ್ಗಶಿರದ ಸುಬ್ರಹ್ಮಣ್ಯ ಷಷ್ಠಿಗೆ ದೊಡ್ಡ ಜಾತ್ರೆ. ಗಣೇಶನ ಹಬ್ಬದ ತಿಂಗಳಲ್ಲಿ ನಾಲ್ಕೂ ಊರುಗಳಲ್ಲಿ ಆರ್ಕೆಸ್ಟ್ರಾ. ಮಾರ್ಚ್, ಏಪ್ರಿಲ್‌ನಲ್ಲಿ ಪರೀಕ್ಷೆಯ ಮಕ್ಕಳು ವಾಚನಾಲಯ ತುಂಬುತ್ತಾರೆ, ಜೂನ್ ಬಂದರೆ ಬಯಲಿನ ಆಸನಗಳೆಲ್ಲ ತೊಯ್ದು ಮಂಟಪಗಳೇ ಗತಿ. ಶ್ರವಣಬೆಳಗೊಳದಲ್ಲಿ ಮಾತ್ರ ಈ ಲೆಕ್ಕ ಹನ್ನೆರಡು ವರ್ಷಕ್ಕೊಮ್ಮೆ ತಲೆಕೆಳಗಾಗುತ್ತದೆ. 2006, 2018ರ ನಂತರ ಮಹಾಮಸ್ತಕಾಭಿಷೇಕದ ಸರದಿ 2030ಕ್ಕೆ. ಆ ವರ್ಷ ಚಂದ್ರಗಿರಿಯ ಮೇಲೂ ಜಾಗ ಸಿಗುವುದಿಲ್ಲ.